ಕಲ್ಲಿನಲ್ಲಿ ಬರೆದ ಲೆಕ್ಕ

ತರೀಕೆರೆ ಸೀಮೆಯ ಅಮೃತಾಪುರದಲ್ಲಿ ಅಮೃತೇಶ್ವರ ಗುಡಿ ಎದ್ದದ್ದು 1196ರಲ್ಲಿ. ಕಟ್ಟಿಸಿದವನು ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕ. ಅಲ್ಲಿಯ ಶಾಸನಪದ್ಯ ಕವಿ ಜನ್ನನದು ಅಂತ ಮೇಷ್ಟ್ರು ಪಾಠ ಹೇಳ್ತಾರೆ. ಪದ್ಯ ಚಂದವೇ ಇರಲಿ. ಹೆಬ್ಬೆಟ್ಟಿನ ಮನೆಗಳಿಂದ ಬಂದು ಮೊದಲ ಸಲ ಅಕ್ಷರ ಕಂಡ ನಾವು ದಾನಶಾಸನಗಳಲ್ಲಿ ಓದಬೇಕಾದ್ದು ಬೇರೆ ಇದೆ. ಗದ್ದೆ, ಬೆದ್ದಲು, ಸುಂಕ, ಎಲ್ಲೆಕಲ್ಲು ಎಲ್ಲಾ ಬರೆದು, ಅಳಿಸಿದವನಿಗೆ ಶಾಪ ಹಾಕಿ ಮುಗಿಸ್ತಾರೆ. ಆ ಗದ್ದೆ ಉತ್ತವನ ಹೆಸರು ಮಾತ್ರ ಹುಡುಕಿದರೂ ಸಿಗೋದು ಕಷ್ಟ.

ಅಂದರೆ ದೇವರ ಆಸ್ತಿಗೆ ರಾಜ್ಯದ ಮುದ್ರೆ ಆವತ್ತೇ ಬಿದ್ದಿತ್ತು. ಕೊಡುವಾಗ ಯಾರಿಗೂ ಅದು ಅಧರ್ಮ ಅನ್ನಿಸಲಿಲ್ಲ. ಲೆಕ್ಕ ಕೇಳಿದ್ರೆ ಮಾತ್ರ ಬೊಬ್ಬೆ! 1927ರಲ್ಲಿ ಮೈಸೂರು ಅರಸರ ಸರ್ಕಾರವೇ ಧಾರ್ಮಿಕ ಸಂಸ್ಥೆಗಳಿಗೆ ಕಾಯಿದೆ ಮಾಡಿತ್ತು. 1955ರ ಕಾಯಿದೆ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು.

ಬಾಬಾಸಾಹೇಬರು ಮುಂದೆ ನಿಂತು ಬರೆಸಿದ ಸಂವಿಧಾನದ 25ನೆಯ ವಿಧಿಯನ್ನು ನಮ್ಮ ಹುಡುಗರು ಪೂರ್ತಿ ಓದಬೇಕು. ಪೂಜೆಯ ಸ್ವಾತಂತ್ರ್ಯ ಕೊಟ್ಟ ಬೆನ್ನಿಗೇ ಅದು ಹಣಕಾಸಿನ ವ್ಯವಹಾರವನ್ನು ಹದ್ದಿನಲ್ಲಿಡುವ, ಹಿಂದೂಗಳ ಸಾರ್ವಜನಿಕ ಗುಡಿಗಳನ್ನು ಎಲ್ಲ ವರ್ಗಕ್ಕೂ ತೆರೆಯುವ ದಾರಿ ಇಟ್ಟಿದೆ. ಈ ಮಾತು ಗಟ್ಟಿಯಾದದ್ದು ನಮ್ಮ ಕರಾವಳಿಯ ಎರಡು ಮೊಕದ್ದಮೆಗಳಿಂದ. 1954ರಲ್ಲಿ ಉಡುಪಿಯ ಶಿರೂರು ಮಠದ ಕೇಸು: ಆಚರಣೆ ಮಠದ್ದು, ಆಸ್ತಿಯ ಆಡಳಿತ ಕಾನೂನಿಗೆ ಬದ್ಧ ಎಂದಿತು ಸುಪ್ರೀಂ ಕೋರ್ಟು. 1957ರಲ್ಲಿ ಮೂಲ್ಕಿ ವೆಂಕಟರಮಣ ದೇವಸ್ಥಾನ. ಗುಡಿ ನಮ್ಮ ಪಂಗಡದ್ದು, ಒಳಗೆ ಯಾರು ಬರಬೇಕೆಂಬುದು ನಮ್ಮ ಧರ್ಮದ ವಿಷಯ ಎಂದು ಗೌಡ ಸಾರಸ್ವತರು ವಾದಿಸಿದರು. ಕೋರ್ಟು ಅದನ್ನು ಒಪ್ಪಿಕೊಂಡೂ, ಪ್ರವೇಶದ ಹಕ್ಕು ಅದಕ್ಕಿಂತ ಮೇಲು ಎಂದಿತು. ಕೆಲವು ಸೇವೆಗಳನ್ನು ಮಾತ್ರ ಪಂಗಡಕ್ಕೇ ಬಿಟ್ಟಿತು. ಅರ್ಧ ತೆರೆದ ಬಾಗಿಲು ಅನ್ನಿ.

ಮಠಗಳನ್ನು ಹೊರಗಿಟ್ಟು ಮಾಡಿದ 1997ರ ಕರ್ನಾಟಕದ ಕಾಯಿದೆಯನ್ನು 2006ರಲ್ಲಿ ಹೈಕೋರ್ಟು ಹೊಡೆದುಹಾಕಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಲ್ಲಿ ಅದು ಉಸಿರಾಡಿತು. ಗುಡಿಯ ಹುಂಡಿಗೆ ಆಡಿಟ್ಟು, ಮಠದ ಗಲ್ಲಾಪೆಟ್ಟಿಗೆಗೆ ಅಡ್ಡಬೀಳೋದು ಎಂಥಾ ಸೆಕ್ಯುಲರಿಸಂ ರೀ? ಮಠವಾಗಲಿ, ವಕ್ಫ್ ಆಗಲಿ, ಚರ್ಚಾಗಲಿ, ಜನರ ದುಡ್ಡು ಮುಟ್ಟಿದ ಮೇಲೆ ರಶೀದಿ ಕೊಡಬೇಕು.

ಬಾಗಿಲಿನ ಲೆಕ್ಕ ಇನ್ನೂ ಬಾಕಿ ಇದೆ. ಅಸ್ಪೃಶ್ಯತೆ ರದ್ದಾಯಿತೆಂದು ಬರೆದ 17ನೆಯ ವಿಧಿ ಜಾರಿಯಾದದ್ದು 1950ರಲ್ಲಿ. 2024ರ ಜನವರಿಯಲ್ಲಿ, ಇದೇ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಗೆ ಕೆಲಸದ ಮೇಲೆ ಹೋದ ದಲಿತ ಯುವಕನನ್ನು ಒಳಗೆ ಕಾಲಿಟ್ಟನೆಂದು ಹೊಡೆದರು. ಹೊಡೆದವರೇನೂ ದಂಡನಾಯಕರ ಮನೆತನದವರಲ್ಲ, ನಮ್ಮ ಹಾಗೇ ಬಿಸಿಲಲ್ಲಿ ಬದುಕುವವರು. ಕೆಲವೇ ದಿನಗಳಲ್ಲಿ ದಲಿತ ಸಂಘಟನೆಗಳವರು ಗುಂಪುಗೂಡಿ ಆ ಹಟ್ಟಿಯೊಳಕ್ಕೆ ನಡೆದು ಹೋದರು.