ವೆಂಟಿಲೇಟರ್ ರೋಗಿಯ ರಿಪೋರ್ಟಲ್ಲಿ ಸಾಲಾಗಿ ‘ಆರ್’ ಇದ್ಯಾ? ಮನೆಯವರಿಗೆ ಇಷ್ಟು ಗೊತ್ತಿರಲಿ

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯ ಕಫವನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ರಿಪೋರ್ಟಿನಲ್ಲಿ ಆ್ಯಂಟಿಬಯಾಟಿಕ್ ಹೆಸರಿನ ಮುಂದೆ ‘ಎಸ್’ ಇದ್ದರೆ ಆ ಔಷಧ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ‘ಆರ್’ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ ಅಂತ ಅರ್ಥ.

ಸೋಂಕು ಹೇಗೆ ಬರುತ್ತೆ?
ಆರೋಗ್ಯವಂತರು ಕೆಮ್ಮಿ ಕಫವನ್ನು ಹೊರಹಾಕುತ್ತಾರೆ. ಗಂಟಲಲ್ಲಿ ಟ್ಯೂಬ್ ಇರುವ ರೋಗಿಗೆ ಅದು ಕಷ್ಟ. ಬಾಯಲ್ಲಿ ನಿಂತ ಜೊಲ್ಲು ಟ್ಯೂಬಿನ ಪಕ್ಕದಿಂದ ನಿಧಾನವಾಗಿ ಶ್ವಾಸಕೋಶಕ್ಕೆ ಇಳಿಯುತ್ತೆ. ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ನ್ಯುಮೋನಿಯಾಗೆ ‘ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ’ ಎನ್ನುತ್ತಾರೆ.

ಯಾವ ಬ್ಯಾಕ್ಟೀರಿಯಾ?
ನಮ್ಮ ದೇಶದ ಐಸಿಯುಗಳಲ್ಲಿ ಹೆಚ್ಚಾಗಿ ಸಿಗುವುದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಸ್ಯೂಡೊಮೊನಾಸ್. ಅಸಿನೆಟೊಬ್ಯಾಕ್ಟರ್ ಮಂಚದ ಕಂಬಿ, ಮಾನಿಟರ್‌ಗಳ ಮೇಲೆ ದಿನಗಟ್ಟಲೆ ಬದುಕಬಲ್ಲದು. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಮುಖ್ಯವಾಗಿ ಕೈಗಳ ಮೂಲಕ ದಾಟುತ್ತೆ. ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಔಷಧಗಳಿಗೂ ಬಗ್ಗದ ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಅತಿ ಗಂಭೀರ ಪಟ್ಟಿಯಲ್ಲಿಟ್ಟಿದೆ.

ರಿಪೋರ್ಟಲ್ಲಿ ಬಂದರೆ ಸೋಂಕು ಗ್ಯಾರಂಟಿನಾ?
ಇಲ್ಲ. ಬ್ಯಾಕ್ಟೀರಿಯಾ ಟ್ಯೂಬಿನಲ್ಲಿ ಸುಮ್ಮನೆ ಕೂತಿರಲೂಬಹುದು. ಜ್ವರ, ಕಫದ ಬದಲಾವಣೆ, ರಕ್ತ ಪರೀಕ್ಷೆ, ಎಕ್ಸ್‌ರೇ, ಆಮ್ಲಜನಕದ ಮಟ್ಟ ಎಲ್ಲವನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆದ್ದರಿಂದ ರಿಪೋರ್ಟ್ ನೋಡಿದ ಕೂಡಲೇ ‘ಇನ್ನೂ ಸ್ಟ್ರಾಂಗ್ ಇಂಜೆಕ್ಷನ್ ಕೊಡಿ’ ಅಂತ ಒತ್ತಾಯ ಮಾಡಬೇಡಿ. ಕೊನೆಗೆ ಉಳಿಯುವ ಕೊಲಿಸ್ಟಿನ್‌ನಂಥ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಬೇಕಾದಾಗ ಮಾತ್ರ ಬಳಸಿದರೆ ಮುಂದೆಯೂ ಅದು ಕೈಹಿಡಿಯುತ್ತೆ.

ಮನೆಯವರು ಏನು ಮಾಡಬಹುದು?
* ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ನಂತರ ಕೈ ತೊಳೆಯಿರಿ, ಇಲ್ಲವೇ ಸ್ಯಾನಿಟೈಸರ್ ಹಚ್ಚಿ. ಪಕ್ಕದ ಬೆಡ್ ಮುಟ್ಟಬೇಡಿ.
* ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿದೆಯಾ, ಬಾಯಿ ಸ್ವಚ್ಛ ಮಾಡ್ತಿದ್ದಾರಾ ಅಂತ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಹಾಸಿಗೆಯನ್ನು ನೀವೇ ಏರಿಸಬೇಡಿ.
* ‘ಟ್ಯೂಬ್ ಯಾವಾಗ ತೆಗೆಯಬಹುದು?’ ಅಂತ ದಿನಾ ಕೇಳಿ. ಟ್ಯೂಬ್ ಇರುವ ದಿನ ಹೆಚ್ಚಿದಷ್ಟೂ ಅಪಾಯ ಹೆಚ್ಚು.
* ಬೇರೆ ಆಸ್ಪತ್ರೆಗೆ ಶಿಫ್ಟ್ ಮಾಡಿದರೆ ಕಲ್ಚರ್ ರಿಪೋರ್ಟ್, ಕೊಟ್ಟ ಔಷಧಗಳ ಪಟ್ಟಿ ಜೊತೆಗಿರಲಿ. ಮುಚ್ಚಿಟ್ಟರೆ ಚಿಕಿತ್ಸೆಯೂ ತಡ, ಅಲ್ಲಿನ ಇತರ ರೋಗಿಗಳಿಗೂ ಅಪಾಯ.

ಸೋಂಕಿನ ಭಯಕ್ಕೆ ವೆಂಟಿಲೇಟರ್ ಬೇಡ ಅನ್ನುವುದು ಸರಿಯಲ್ಲ. ಉಸಿರಾಡಲು ಆಗದವರಿಗೆ ಜೀವ ಉಳಿಸುವುದೇ ಅದು. ಮನೆಯಲ್ಲಿ ನೆಗಡಿ-ಜ್ವರಕ್ಕೆ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಲು ಅದೂ ಒಂದು ಕಾರಣ.