ಒಸಡಿನ ರಕ್ತ: ತಿಕ್ಕೋದು ಬಿಡಬೇಕೋ, ತಿಕ್ಕಬೇಕೋ?

ಒಸಡಿನಾಗ ರಕ್ತ ಕಂಡ್ರ "ನಾಕು ದಿನ ತಿಕ್ಕಬ್ಯಾಡವ್ವ, ಉಪ್ಪುನೀರು ಮುಕ್ಕಳಿಸು" ಅನ್ನೋ ಮಾತು ನಮ್ಮ ರೂಪನಗುಡಿ ಕಡೆ ಇನ್ನೂ ಐತಿ. ಉಪ್ಪುನೀರು ಒಳ್ಳೇದೇ. ಆದ್ರ ತಿಕ್ಕೋದು ಬಿಟ್ರ ಏನಾಗತೈತಿ ಅನ್ನೋದಕ್ಕ ದೊಡ್ಡ ಕತಿನೇ ಐತಿ.

ಈ ರೋಗ ಹೊಸಾದಲ್ಲ. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ಬುಡದ ರೋಗ ಅಂತ 15 ಹೆಸರು ಅದಾವ. ಸುಮ್‌ಸುಮ್ನೆ ರಕ್ತ ಬಂದು, ಒಸಡು ಮೆತ್ತಗಾಗಿ ನಾರೋದು ಶೀತಾದ. ಕೀವು, ರಕ್ತ ಸೋರಿ ಹಲ್ಲು ಅಳ್ಳಾಡಿದ್ರ ದಂತವೇಷ್ಟ. ಚರಕ ಸಂಹಿತೆಯಂತೂ ದಿನಕ್ಕ ಎರಡು ಹೊತ್ತು ಕಡ್ಡಿಯಿಂದ ಉಜ್ಜಬೇಕು, ಒಸಡಿಗೆ ನೋವಾಗಬಾರದು ಅಂತ ಹೇಳೈತಿ. ಎರಡು ಹೊತ್ತಿನ ಮಾತು ಪೇಸ್ಟ್ ಕಂಪನಿಯೋರು ಕಲಿಸಿದ್ದು ಅಂತ ನಾವು ತಿಳ್ಕೊಂಡೀವಿ ನೋಡ್ರಿ!

ನಮ್ಮ ಕಡೆ ಬೇವಿನ ಕಡ್ಡಿ, ಒಲಿ ಇದ್ದಲಿ ಇದ್ವು. ಮೈಸೂರು ಸೀಮೆಯಾಗ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಾಗ ಸದ್ವೈದ್ಯಶಾಲೆ ಶುರು ಮಾಡಿದ್ರು. ಭತ್ತದ ಹೊಟ್ಟು ಸುಟ್ಟು ಮಾಡಿದ ಅವರ ಹಲ್ಲುಪುಡಿ ಮನೆಮಾತಾತು.

ಆದ್ರ ಒಸಡು ಕೆಡೋದು ಯಾತಕ್ಕ? 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ಅನ್ನೋ ಬಟ್ಟೆ ವ್ಯಾಪಾರಿ ತನ್ನ ಹಲ್ಲಿನ ಬಿಳಿ ಕೊಳೆ ತೆಗೆದು ಮಸೂರದಾಗ ನೋಡಿದ. ಸಣ್ಣ ಸಣ್ಣ ಜೀವಿಗಳು ಓಡಾಡ್ತಿದ್ವು. ಆ ಕೊಳೆನೇ ಒಸಡು ಕೆಡಿಸ್ತೈತಿ ಅಂತ ಮನುಷ್ಯರ ಬಾಯಾಗೇ ತೋರಿಸಿದ್ದು 1965ರಲ್ಲಿ, ಡೆನ್ಮಾರ್ಕಿನಾಗ ಹೆರಾಲ್ಡ್ ಲೋ ಮತ್ತವರ ಜತೆಗಾರರು. ಒಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲು ತಿಕ್ಕೋದೇ ಬಿಡ್ರಿ ಅಂದ್ರು. ಅವರಲ್ಲಿ ಹೆಚ್ಚಿನೋರು ಹಲ್ಲಿನ ಡಾಕ್ಟರಿಕೆ ಓದೋ ಹುಡುಗ್ರು, ಪಾಪ. 10ರಿಂದ 21 ದಿನದೊಳಗ ಎಲ್ಲರ ಒಸಡೂ ಕೆಂಪಾಗಿ ಊದಿದ್ವು. ಮತ್ತೆ ತಿಕ್ಕೋಕೆ ಶುರು ಮಾಡಿದ್ಮ್ಯಾಲೆ ಸರಿಹೋದ್ವು. ಅಂದ್ರ ರಕ್ತ ಬಂತಂತ ತಿಕ್ಕೋದು ಬಿಟ್ರ ಬೆಂಕಿಗೆ ಎಣ್ಣಿ ಹಾಕಿದಂಗ. ಮೆತ್ತನ ಬ್ರಶ್ಶಿನಿಂದ ಮೆಲ್ಲಕ ತಿಕ್ಕಬೇಕು.

ಕೊಳೆ ಗಟ್ಟಿಯಾಗಿ ಗಾರೆಯಾದ್ರ ಮನಿಯಾಗ ಏನು ಉಜ್ಜಿದ್ರೂ ಹೋಗಲ್ಲ. ಡಾಕ್ಟ್ರೇ ಕೆರೆದು ತೆಗೀಬೇಕು, ಒಸಡಿನ ಕೆಳಗಿಂದೂ ಸೈತ. "ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲಾಗತಾವ" ಅಂತ ಹೆದರೋರು ನಮ್ಮಾಗ ಬಾಳ. ಸಡ್ಲ ಮಾಡಿದ್ದು ರೋಗ. ಗಾರೆ ಅದನ್ನ ಮುಚ್ಚಿಟ್ಟಿರ್ತೈತಿ ಅಷ್ಟೆ. ಒಳಗಿನ ಎಲುಬು ಒಮ್ಮೆ ಕರಗಿದ್ರ ತಾನಾಗೇ ತಿರುಗಿ ಬೆಳೆಯಲ್ಲ, ಆಮೇಲೆ ಕಟಕರೊಟ್ಟಿ ಕಡಿಯೋದು ಕನಸೇ. ಬೀಡಿ ಸೇದೋರಿಗೆ ಇನ್ನೊಂದು ಮೋಸ ಐತಿ: ರಕ್ತ ಕಮ್ಮಿ ಕಾಣಸ್ತೈತಿ, ಒಳಗ ರೋಗ ಜಾಸ್ತಿ. ಸಕ್ಕರಿ ಕಾಯಿಲೆ ಇದ್ರ ಒಸಡು ಬೇಗ ಕೆಡ್ತೈತಿ, ಕೆಟ್ಟ ಒಸಡಿನಿಂದ ಸಕ್ಕರಿನೂ ಹತೋಟಿಗೆ ಬರಲ್ಲ. ಬಳ್ಳಾರಿಯಾಗ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಐತಿ, ಸಂತಿಗೆ ಹೋದಾಗ ಒಮ್ಮೆ ತೋರಿಸಿಕೊಂಡು ಬರ್ರಿ.