ನಿಧಿ ಮತ್ತು ಇಡುಗಂಟು: ಪಶ್ಚಿಮ ಬೆಂಗಳೂರಿನ ಕಾರ್ಮಿಕ ಲೋಕದೃಷ್ಟಿ

‘ಭವಿಷ್ಯ ನಿಧಿ’ ಎಂಬುದು ಸರಕಾರದ ಪದ. ದುಡಿಯುವವರ ಪರಿಭಾವನೆಯಲ್ಲಿ ಅದು ಇಡುಗಂಟು. ಜನಪದ ಕಥೆಗಳಲ್ಲಿ ನಿಧಿ ನೆಲದೊಳಗೆ ಹೂತಿರುತ್ತದೆ, ಅದನ್ನು ಸರ್ಪ ಕಾಯುತ್ತದೆ. ಗಂಟಾದರೋ ಬೇಕಾದಾಗ ಬಿಚ್ಚಿಕೊಳ್ಳುವಂಥದು.

1948ರ ರಾಜ್ಯ ವಿಮಾ ಕಾಯಿದೆಯ ವಿಷಯದಲ್ಲಿ ಇಂಥ ಅಂತರ ಹೆಚ್ಚಾಗಿ ಕಾಣದು. ರಾಜಾಜಿನಗರದಲ್ಲಿ ‘ಇ.ಎಸ್.ಐ.’ ಆಸ್ಪತ್ರೆಯ ಹೆಸರಷ್ಟೇ ಅಲ್ಲ, ಬಸ್ ನಿಲ್ದಾಣದ ಹೆಸರೂ ಹೌದು. 2019ರ ಜುಲೈಯಿಂದ ಕಾರ್ಮಿಕರ ಪಾಲು ಸಂಬಳದ ಶೇಕಡಾ 0.75, ಮಾಲೀಕರದು 3.25. ಸರದಿ ಎಷ್ಟೇ ಉದ್ದವಿದ್ದರೂ, ಕಡಿತವಾದ ಹಣದ ಫಲ ಮನೆಮಂದಿಯ ಕಣ್ಣಿಗೆ ಬೀಳುತ್ತದೆ.

1952ರ ಭವಿಷ್ಯ ನಿಧಿ ಕಾಯಿದೆಯ ಕಥೆ ಬೇರೆ. ಅದು ನಿವೃತ್ತಿಯವರೆಗೆ ದುಡಿಯುವವನನ್ನು ಕಲ್ಪಿಸಿಕೊಂಡಿತು. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಬಹುಪಾಲು ಹೆಣ್ಣುಮಕ್ಕಳು. 58ರವರೆಗೆ ಯಂತ್ರದ ಮುಂದೆ ಕೂರುವವರು ವಿರಳ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಹಿಂಪಡೆಯುವ ಹಣ ಸಾಲಕ್ಕೋ ಮದುವೆಗೋ ಮಕ್ಕಳ ಓದಿಗೋ ಸಲ್ಲುತ್ತಿತ್ತು. 2016ರ ಫೆಬ್ರವರಿ 10ರ ಕೇಂದ್ರದ ಅಧಿಸೂಚನೆಯು ಮಾಲೀಕರ ಪಾಲನ್ನು 58 ವರ್ಷದವರೆಗೆ ತಡೆಹಿಡಿಯಿತು. ಗಂಟು ಮತ್ತೆ ನಿಧಿಯಾಯಿತು.

ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಮಹಿಳೆಯರು ಬೀದಿಗಿಳಿದರು. ಮರುದಿನ ಪ್ರತಿಭಟನೆ ರಾಜಾಜಿನಗರದ ಆಚೆಗಿನ ತುಮಕೂರು ರಸ್ತೆಗೂ ಹಬ್ಬಿತು. ಸಂಘಗಳ ಕರೆಯಿಲ್ಲದೆ ಎದ್ದ ಚಳವಳಿ ಇದೆಂಬುದು ಗಮನಾರ್ಹ. ಬಸ್ಸುಗಳಿಗೆ ಬೆಂಕಿ ಬಿದ್ದುದೇ ಹೆಚ್ಚಾಗಿ ಸುದ್ದಿಯಾಯಿತು. ಇದನ್ನು ವೃದ್ಧಾಪ್ಯದ ಚಿಂತೆಯಿಲ್ಲದವರ ಆತುರವೆಂದು ಭಾವಿಸುವುದು ಸರಿಯಲ್ಲ. ಮಕ್ಕಳ ಓದು, ಮನೆಯ ಋಣಮುಕ್ತಿಗಳೇ ಅವರ ಪಾಲಿಗೆ ವೃದ್ಧಾಪ್ಯದ ಆಸರೆಯಾಗಿದ್ದವು. ಏಪ್ರಿಲ್ 19ರಂದೇ ಕೇಂದ್ರವು ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.